ಕೈಗೆಟುಕುವ ಮನೆಗಾಗಿ ಮೂರು ತಾಲ್ಲೂಕು

ಹಳದಿ ಎಲೆ ರೋಗ ತೋಟವನ್ನು ತಿಂದು ಮುಗಿಸಿದ ಮೇಲೆ ಊರು ಬಿಟ್ಟವರು ನಾವು. ಶೃಂಗೇರಿ ತಾಲ್ಲೂಕಿನ ಕಿಗ್ಗಾ ಕಡೆಯ ಹಳ್ಳಿ ನಮ್ಮದು. ಮಾವ ಇದ್ದಾಗಲೇ ಸೋಗೆಯ ತುದಿ ಹಳದಿಯಾಗಲು ಶುರುವಾಗಿತ್ತು. ಕೊಳೆ ರೋಗವಾದರೆ ಮೈಲುತುತ್ತ, ಸುಣ್ಣ ಹೊಡೆದು, ಕೊನೆಗೆ ಕೊಟ್ಟೆ ಕಟ್ಟಿ ಅರ್ಧ ಫಸಲನ್ನಾದರೂ ಉಳಿಸಿಕೊಳ್ಳಬಹುದು. ಹಳದಿ ಎಲೆಗೆ ಮದ್ದೇ ಇಲ್ಲ. ಫೈಟೋಪ್ಲಾಸ್ಮಾ ಎನ್ನುವ ಸೂಕ್ಷ್ಮಾಣುವಿನಿಂದ ಬರುವ ಕಾಯಿಲೆ, ಒಂದು ಜಾತಿಯ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತದೆ. ವರ್ಷದಿಂದ ವರ್ಷಕ್ಕೆ ಮಂಡೆ ಸಣ್ಣದಾಗುತ್ತದೆ, ಕೊನೆ ಸಣ್ಣದಾಗುತ್ತದೆ, ಅಡಿಕೆ ಸುಲಿದರೆ ಒಳಗೆ ಕಪ್ಪು. ಕೊನೆ ಕೀಳುವವರ ಕೂಲಿಯೂ ಹುಟ್ಟದ ವರ್ಷ ಬಂದಾಗ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ನಮ್ಮ ಪಾಲಿಗೆ ಬಂದ ತೋಟವನ್ನು ಮನೆಸಹಿತ 2021ರಲ್ಲಿ ಮಾರಿದೆವು. ಸೊಸೈಟಿಯ ಸಾಲ ತೀರಿಸಿದ ಮೇಲೆ ಕೈಯಲ್ಲಿ ಉಳಿದದ್ದು 16 ಲಕ್ಷ.

ಅದರಲ್ಲಿ ಒಂದು ಮನೆ ಆಗಬೇಕಿತ್ತು. ನಮ್ಮವರು ಬೇರೆಯವರ ತೋಟ ಗುತ್ತಿಗೆಗೆ ಹಿಡಿದು ಅಡಿಕೆ ಮಾಡುವವರು, ನಾನು ಒಂದು ಖಾಸಗಿ ಶಾಲೆಯ ಟೀಚರ್. ಬ್ಯಾಂಕು ನಮಗೆ ಆರೇಳು ಲಕ್ಷಕ್ಕಿಂತ ಹೆಚ್ಚು ಸಾಲ ಕೊಡುವ ಹಾಗಿರಲಿಲ್ಲ. ಅತ್ತೆಗೆ ಹೃದಯದ ತೊಂದರೆ. ಮಗಳು ಪಿಯುಸಿಗೆ ಬರುತ್ತಿದ್ದಳು. ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋದರೆ ನಮ್ಮವರ ಕೆಲಸ ಹೋಗುತ್ತದೆ. ಹಾಗಾಗಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಈ ಮೂರು ತಾಲ್ಲೂಕು ಬಿಟ್ಟು ಆಚೆ ಹೋಗುವುದು ಬೇಡ ಎಂದು ತೀರ್ಮಾನವಾಯಿತು. ನಾವು ಬಯಸಿದ್ದು ಹೆಚ್ಚೇನಲ್ಲ. ಮಳೆಗಾಲದಲ್ಲೂ ಬಸ್ಸು ಬರುವ ರಸ್ತೆ, ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬಹುದಾದ ದಾರಿ, ಹತ್ತಿರದಲ್ಲಿ ಒಂದು ಕಾಲೇಜು, ಬ್ಯಾಂಕು ಒಪ್ಪುವ ದಾಖಲೆ.

ಮಲೆನಾಡಿನಲ್ಲಿ ಜಾಗಕ್ಕೇನು ಬರ ಎಂದು ಬಯಲುಸೀಮೆಯ ನೆಂಟರು ಕೇಳುತ್ತಿದ್ದರು. ಕಣ್ಣಿಗೆ ಕಾಣುವ ಜಾಗವೆಲ್ಲ ಕೊಳ್ಳುವ ಜಾಗವಲ್ಲ ಎನ್ನುವುದು ಮನೆ ಹುಡುಕಲು ಹೊರಟವರಿಗೇ ಗೊತ್ತು. ಇಲ್ಲಿಯ ಗುಡ್ಡದಲ್ಲಿ ಮೀಸಲು ಅರಣ್ಯವಿದೆ, ಕಾನು ಇದೆ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವಿದೆ, ಗೋಮಾಳವಿದೆ. ಕರ್ನಾಟಕ ಅರಣ್ಯ ಕಾಯ್ದೆ 1963ರ ಸೆಕ್ಷನ್ 4ರಲ್ಲಿ ಅಧಿಸೂಚನೆಯಾಗಿ, ಮುಂದಿನ ಹಂತ ಮುಗಿಯದೆ ದಶಕಗಟ್ಟಲೆ ಹಾಗೇ ನಿಂತ ಸರ್ವೆ ನಂಬರುಗಳಿವೆ. ಡೀಮ್ಡ್ ಫಾರೆಸ್ಟ್ ಪಟ್ಟಿಯಲ್ಲಿ ಸೇರಿ, 2022ರಲ್ಲಿ ಸರ್ಕಾರ ಆ ಪಟ್ಟಿಯನ್ನು ಕಡಿಮೆ ಮಾಡಿದಾಗ ಹೊರಗೆ ಬಂದ ಜಾಗಗಳಿವೆ, ಇನ್ನೂ ಒಳಗೇ ಉಳಿದವೂ ಇವೆ. ದರಖಾಸ್ತು, ಬಗರ್‌ಹುಕುಂನಲ್ಲಿ ಮಂಜೂರಾದ ಜಮೀನಿಗೆ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವ ಹಾಗಿಲ್ಲ. ಇದೆಲ್ಲ ಕಳೆದು ಉಳಿದ ಹಿಡುವಳಿಯಲ್ಲಿ ತೋಟ, ಗದ್ದೆ. ಅದರಲ್ಲಿ ಮನೆ ಕಟ್ಟಬೇಕಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಆಗಿರಬೇಕು. ಇಷ್ಟು ಜರಡಿ ಹಿಡಿದ ಮೇಲೆ ಸಿಗುವ ಶುದ್ಧ ಜಾಗ ಅಂಗೈಯಗಲ. ಅದಕ್ಕೇ ಅದರ ಬೆಲೆ ಆಕಾಶದಲ್ಲಿದೆ.

ಮೊದಲು ಶೃಂಗೇರಿಯಲ್ಲೇ ನೋಡಿದೆವು. ಹುಟ್ಟಿದ ಊರಿನ ಹತ್ತಿರ ಇರಬೇಕೆಂಬ ಆಸೆ ಅತ್ತೆಗೆ. ಆದರೆ ಶೃಂಗೇರಿ ಯಾತ್ರಿಕರ ಊರು. ಭಾರತೀ ಬೀದಿಯ ಸುತ್ತಮುತ್ತ ಒಂದು ತುಂಡು ಜಾಗವಿದ್ದರೂ ಲಾಡ್ಜ್ ಕಟ್ಟುವವರು ಬಂದು ಕೇಳುತ್ತಾರೆ. ಮೆಣಸೆ, ವಿದ್ಯಾರಣ್ಯಪುರದ ಕಡೆಯೂ ಹೊರಗಿನವರು ಹೋಂಸ್ಟೇಗೆಂದು ದುಡ್ಡು ಹಿಡಿದು ಬಂದಿದ್ದರು. 30×40ರ ಬರೀ ಸೈಟಿಗೇ ನಮ್ಮ ಗಂಟು ಮುಗಿಯುತ್ತಿತ್ತು. ಸ್ವಲ್ಪ ಕಡಿಮೆಗೆ ಸಿಗುವಂಥವು ತಗ್ಗಿನಲ್ಲಿದ್ದವು. ತುಂಗೆ ಏರಿದರೆ ಗಾಂಧಿ ಮೈದಾನ ಮುಳುಗುತ್ತದೆ, ಕಪ್ಪೆ ಶಂಕರನ ಗುಡಿಗೆ ನೀರು ನುಗ್ಗುತ್ತದೆ. ಇದು ಊರಿನ ಎಲ್ಲರಿಗೂ ಗೊತ್ತಿರುವ ಲೆಕ್ಕ. ಮನೆ ತಗ್ಗಿನಲ್ಲಿದ್ದರೆ ಆಷಾಢ ಶ್ರಾವಣವೆಲ್ಲ ಹೊಳೆಯ ಮೇಲೇ ಕಣ್ಣಿಡಬೇಕು.

ನೆಮ್ಮಾರು ರಸ್ತೆಯಲ್ಲಿ ಒಂದು ಹಂಚಿನ ಮನೆ ನಮ್ಮ ಬೆಲೆಗೆ ಒದಗಿತು. ನೋಡಲು ಹೋದದ್ದು ಜುಲೈ ತಿಂಗಳಲ್ಲಿ, ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದಾಗ. ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆ ಹೊಸ ಬಣ್ಣ. ಅಡುಗೆಮನೆಯಲ್ಲಿ ಮಾತ್ರ ನೆಲದ ತುಂಬಾ ಗೋಣಿತಾಟು ಹಾಸಿತ್ತು. ಅತ್ತೆ ಕಾಲಿಟ್ಟವರು ಹಾಗೇ ಬಗ್ಗಿ ಗೋಣಿ ಎತ್ತಿದರು. ಗಾರೆಯ ಸಂದಿನಿಂದ ನೀರು ಸಣ್ಣಗೆ ಉಕ್ಕುತ್ತಿತ್ತು. ಕೊಳಕು ನೀರಲ್ಲ, ಕನ್ನಡಿಯಂಥ ತಿಳಿನೀರು. ಬೆರಳಿಟ್ಟರೆ ತಣ್ಣಗೆ ಹರಿಯುವುದು ಗೊತ್ತಾಗುತ್ತಿತ್ತು. "ಜಲ ಎದ್ದ ಮನೆ ಮಾರಾಯ್ತಿ ಇದು. ಅಕ್ಕಿ ಡಬ್ಬಿ ಕೂಡ ನೆಲಕ್ಕೆ ಇಡುವ ಹಾಗಿಲ್ಲ. ನಡಿ ಹೋಪ" ಎಂದು ಹೊರಗೆ ಬಂದುಬಿಟ್ಟರು. ಗುಡ್ಡ ಕಡಿದು, ಒರತೆಯ ದಾರಿಯ ಮೇಲೆ ಕೂರಿಸಿದ ಮನೆಗಳಲ್ಲಿ ಹೀಗಾಗುತ್ತದೆ. ಫೆಬ್ರವರಿಯಲ್ಲಿ ನೋಡಿದವರಿಗೆ ಅದು ಒಳ್ಳೆಯ ಮನೆಯೇ. ಆವತ್ತಿನಿಂದ ನಾವು ಯಾವ ಮನೆಯನ್ನೂ ಮಳೆಯಲ್ಲಿ ನೋಡದೆ ಮಾತಾಡಲಿಲ್ಲ.

ಶೃಂಗೇರಿ ಕೈಬಿಡಲು ಇನ್ನೊಂದು ಕಾರಣ ಆಸ್ಪತ್ರೆ. ದೊಡ್ಡ ಚಿಕಿತ್ಸೆ ಎಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು, ಇಲ್ಲವೇ ಶಿವಮೊಗ್ಗಕ್ಕೆ. ಶೃಂಗೇರಿಗೆ 100 ಹಾಸಿಗೆಯ ಆಸ್ಪತ್ರೆ ಕೊಡಿ ಎಂದು ಜನ ದೊಡ್ಡ ದನಿಯಲ್ಲೇ ಕೇಳಿದರು. ಆ ದನಿಯಲ್ಲಿ ನಮ್ಮ ಮನೆಯದೂ ಇತ್ತು. ಎದೆ ಹಿಡಿದುಕೊಂಡ ಮುದುಕಿಯನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಮಂಜಿನಲ್ಲಿ ಘಾಟಿಯ ತಿರುವು ಇಳಿಯುವುದು ಹೇಗಿರುತ್ತದೆ ಎನ್ನುವುದನ್ನು ನಾನು ಕಂಡಿದ್ದೇನೆ.

ಕೊಪ್ಪ ನಮಗೆ ಹಿಡಿಸಿತು. ಆಸ್ಪತ್ರೆ, ಕಾಲೇಜು, ಕಚೇರಿ, ಎಲ್ಲ ಕಡೆಗೂ ಬಸ್ಸು. ಪಟ್ಟಣದೊಳಗೆ ಬೆಲೆ ಜಾಸ್ತಿ ಎಂದು ಹೊರವಲಯದ ಒಂದು ಗ್ರಾಮ ಪಂಚಾಯಿತಿಯಲ್ಲಿ ನೋಡಿದೆವು. ಕೆಂಪು ಕಲ್ಲಿನ ಗೋಡೆ, ತಾರಸಿ, ಬಾವಿ, 21 ಲಕ್ಷ. ಮಾಲೀಕರು ಪಹಣಿ, ಪರಿವರ್ತನೆ ಆದೇಶ, ಇ-ಸ್ವತ್ತಿನ ನಮೂನೆ 9, 11ಎ, ಋಣಭಾರ ಪತ್ರ ಎಲ್ಲ ತೋರಿಸಿದರು. ನಾವು ವಕೀಲರೊಬ್ಬರ ಕೈಯಲ್ಲಿ ಓದಿಸಿದೆವು. ಕಾಗದದಲ್ಲಿ ಹುಳುಕಿಲ್ಲ ಎಂದರು. 2022ರ ಬೇಸಿಗೆಯಲ್ಲಿ ಕರಾರು ಪತ್ರ ಬರೆದು 4 ಲಕ್ಷ ಮುಂಗಡ ಕೊಟ್ಟೆವು. ಬ್ಯಾಂಕಿಗೆ ಸಾಲದ ಅರ್ಜಿ ಹೋಯಿತು. ಹಳ್ಳಿಯ ಮನೆಯನ್ನು ಕೊಂಡವರಿಗೆ ಬಿಟ್ಟುಕೊಡುವ ಗಡುವು ಬಂದಿದ್ದರಿಂದ ಸಾಮಾನು ಕಟ್ಟಿಕೊಂಡು ಕೊಪ್ಪದಲ್ಲಿ ಬಾಡಿಗೆಗೆ ಬಂದೆವು. ಒಂದೆರಡು ತಿಂಗಳ ಮಾತು ಎಂದುಕೊಂಡಿದ್ದೆವು.

ಬ್ಯಾಂಕಿನ ಕಡೆಯವರು ಸರ್ವೆ ಮಾಡಿಸಬೇಕು ಎಂದರು. ಭೂಮಾಪಕರು ಬಂದು ಗಡಿಕಲ್ಲು ಹುಡುಕಿ ಅಳೆದಾಗ ಗೊತ್ತಾದದ್ದು ಇಷ್ಟು: ಪರಿವರ್ತನೆಯಾದ ಜಾಗ ರಸ್ತೆಯ ಕೆಳಗಡೆ ಇತ್ತು, ಮನೆ ಇದ್ದದ್ದು ಮೇಲ್ಗಡೆಯ ಸರ್ವೆ ನಂಬರಿನಲ್ಲಿ. ಆ ನಂಬರಿನ ಪಹಣಿ ತೆಗೆಸಿದರೆ ಒಂಬತ್ತನೇ ಕಾಲಂನಲ್ಲಿ ಸರ್ಕಾರ ಎಂದಿತ್ತು, ಹನ್ನೊಂದನೇ ಕಾಲಂನಲ್ಲಿ ಅರಣ್ಯದ ನಮೂದು. ನಮಗೆ ತೋರಿಸಿದ ಕಾಗದಗಳೆಲ್ಲ ಅಸಲಿಯೇ. ಆದರೆ ಅವು ಬೇರೆ ಜಾಗದವು. ಚೆಕ್ಕುಬಂದಿಯಲ್ಲಿ ಬರೆದ ರಸ್ತೆ, ಹಳ್ಳ, ತೋಟ ಮೂರೂ ಎರಡು ಜಾಗಕ್ಕೂ ಹೊಂದುವಂತೆ ಇದ್ದವು. ಮನೆ ಕಟ್ಟಿದವರಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ನಮ್ಮ ಕೈಯಿಂದ ದುಡ್ಡು ತೆಗೆದುಕೊಂಡರು.

ಬ್ಯಾಂಕು ಸಾಲ ಇಲ್ಲ ಎಂದಿತು. ಮುಂಗಡ ವಾಪಸು ಕೇಳಲು ಹೋದರೆ ಮಾಲೀಕರು, "ನೀವೇ ಬೇಡ ಅಂತಿರೋದು, ನಾವೆಂತ ಮಾಡೋದು? ದುಡ್ಡು ಖರ್ಚಾಯ್ತು" ಎಂದರು. ಮಧ್ಯೆ ನಿಂತು ಮಾತಾಡಿಸಿದ ದಲ್ಲಾಳಿ ಫೋನ್ ಎತ್ತುವುದನ್ನು ನಿಲ್ಲಿಸಿದ. ನಮ್ಮವರು ರಾತ್ರಿಯೆಲ್ಲ ಜಗಲಿಯಲ್ಲಿ ಕೂತಿರುತ್ತಿದ್ದರು. "ಅಪ್ಪನ ತೋಟದ ದುಡ್ಡು ಕಣೇ ಅದು" ಎನ್ನುವುದೊಂದೇ ಮಾತು. ಹಾಗೇ ಸರಿ, ಆ ಮನೆಯನ್ನೇ ಕೊಂಡುಬಿಡಿ, 94ಸಿಯಲ್ಲಿ ಸಕ್ರಮ ಆಗುತ್ತೆ ಎಂದು ಸಲಹೆ ಕೊಟ್ಟವರೂ ಇದ್ದರು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ವಾಸವಿರುವ ಬಡವರಿಗೆ ಹಕ್ಕುಪತ್ರ ಕೊಡಲು ಇರುವ ಕಲಂ ಅದು. ಅರಣ್ಯದ ನಮೂದಿರುವ ಜಾಗದಲ್ಲಿ, ಬೇರೆಯವರು ಕಟ್ಟಿದ್ದನ್ನು ಕೊಂಡವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಜೀವಮಾನದ ದುಡಿಮೆ ಹಾಕಿ, ಯಾವತ್ತು ನೋಟಿಸ್ ಬರುತ್ತದೋ ಎಂದು ಕಾಯುತ್ತ ಕೂರುವುದನ್ನು ಮನೆ ಎನ್ನಲು ನನ್ನಿಂದ ಆಗಲಿಲ್ಲ.

ಆ ಮಳೆಗಾಲ ಕಳೆದದ್ದು ಬಾಡಿಗೆ ಮನೆಯಲ್ಲಿ. ಎರಡು ಕೋಣೆ, ಹಿಂದೆ ಜೆಸಿಬಿಯಲ್ಲಿ ನೇರಕ್ಕೆ ಕಡಿದ ಧರೆ. ಕರೆಂಟು ಹೋದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಆಗಸ್ಟಿನ ಒಂದು ರಾತ್ರಿ ಅಡುಗೆಮನೆಯ ಹಿಂದೆ ಏನೋ ಬಿದ್ದ ಸದ್ದಾಯಿತು. ಟಾರ್ಚ್ ಬಿಟ್ಟು ನೋಡಿದರೆ ಧರೆ ಜರಿದು ಕೆಸರು ಕಿಟಕಿಯವರೆಗೆ ಬಂದಿತ್ತು, ಒಂದು ಹಲಸಿನ ಗಿಡ ಬೇರುಸಹಿತ ಗೋಡೆಗೆ ಒರಗಿತ್ತು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ನಾನೂ ನಮ್ಮವರೂ ಎತ್ತಿಕೊಂಡು ಪಕ್ಕದ ಮನೆಗೆ ಹೋದೆವು. ಅವರು ಬಾಗಿಲು ತೆಗೆದವರು ಏನೂ ಕೇಳಲಿಲ್ಲ, ಒಲೆಗೆ ಸೌದೆ ಹಾಕಿ ಕಾಫಿ ಕಾಯಿಸಿದರು. ಬೆಳಗಾಗುವವರೆಗೆ ಮಗಳು ಪುಸ್ತಕದ ಚೀಲ ಎದೆಗವಚಿಕೊಂಡು ಕೂತಿದ್ದಳು. ಬೆಳಿಗ್ಗೆ ನೋಡಿದರೆ ನಮ್ಮ ಪೆಟ್ಟಿಗೆ, ಹಾಸಿಗೆ ಎಲ್ಲಕ್ಕೂ ಕೆಸರು ಮೆತ್ತಿತ್ತು. ಮಾವನ ಕಾಲದ ಮರದ ಸಂದೂಕ ಮಾತ್ರ ಎತ್ತರದಲ್ಲಿದ್ದು ಉಳಿಯಿತು. ಕರಾರು ಪತ್ರ ಇದ್ದದ್ದು ಅದರೊಳಗೆ.

ಆ ಕಾಗದವೇ ನಮ್ಮನ್ನು ಕಾಪಾಡಿತು. ಶಿವಮೊಗ್ಗದ ವಕೀಲರೊಬ್ಬರು ನೋಡಿ ಧೈರ್ಯ ಹೇಳಿದರು. ಆಸ್ತಿ ವರ್ಗಾವಣೆ ಕಾಯ್ದೆ 1882ರ 55ನೇ ಕಲಂ ಪ್ರಕಾರ, ಕೊಳ್ಳುವವನ ತಪ್ಪಿಲ್ಲದೆ ವ್ಯಾಪಾರ ಮುರಿದರೆ ಕೊಟ್ಟ ಮುಂಗಡಕ್ಕೆ ಮಾರುವವನ ಆಸ್ತಿಯ ಮೇಲೆ ಹೊಣೆ ಬೀಳುತ್ತದೆ. ಮುಂಗಡವನ್ನು ಬ್ಯಾಂಕ್ ಮೂಲಕ ಕೊಟ್ಟಿದ್ದೆವು, ಕರಾರಿನಲ್ಲಿ ದಾಖಲೆಯಲ್ಲಿ ದೋಷ ಕಂಡರೆ ಹಣ ವಾಪಸು ಎಂಬ ಒಂದು ಸಾಲು ಇತ್ತು. ನೋಟಿಸ್ ಕೊಟ್ಟೆವು. ದಾವೆಯ ಅರ್ಜಿ ಸಿದ್ಧವಾದ ಮೇಲೆ, ಊರಿನ ಹಿರಿಯರ ಪಂಚಾಯಿತಿಕೆಯಲ್ಲಿ ಅವರು ಒಪ್ಪಿದರು. ಹಣ ಬಂದದ್ದು ತುಂಡು ತುಂಡಾಗಿ. ಕೊನೆಯ ಕಂತು ಕೈಸೇರುವಾಗ 2023 ಮುಗಿಯುತ್ತಿತ್ತು. ಬಡ್ಡಿ ಇಲ್ಲ, ವಕೀಲರ ಫೀಸು, ಬಾಡಿಗೆ, ಹಾಳಾದ ಸಾಮಾನು ನಮ್ಮ ಮೇಲೇ. ಅಷ್ಟರಲ್ಲಿ 2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಮಾರ್ಗಸೂಚಿ ದರವೂ ಏರಿತ್ತು.

ಕೊನೆಗೆ ಉಳಿದದ್ದು ನರಸಿಂಹರಾಜಪುರ. ಭದ್ರಾ ಹಿನ್ನೀರಿನ ಊರು, ಯಾತ್ರಿಕರ ನೂಕುನುಗ್ಗಲಿಲ್ಲ, ಉಂಬ್ಳೆಬೈಲಿನ ಮೇಲೆ ಶಿವಮೊಗ್ಗಕ್ಕೆ ದಾರಿ. ಬೆಲೆ ಕಡಿಮೆ. ಅಲ್ಲೂ ಅದರದೇ ಆದ ತೊಡಕುಗಳಿದ್ದವು. ಹಿನ್ನೀರಿಗೆ ಹತ್ತಿರದ ಒಂದು ಜಾಗ ಬೇಸಿಗೆಯಲ್ಲಿ ಹಸಿರು ಹುಲ್ಲಿನ ಬಯಲಿನಂತೆ ಕಾಣುತ್ತಿತ್ತು. ಜಲಾಶಯ 186 ಅಡಿ ತುಂಬಿದಾಗ ನೀರು ಎಲ್ಲಿಗೆ ಬರುತ್ತದೆ, ಮುಳುಗಡೆಯ ಗಡಿಕಲ್ಲು ಎಲ್ಲಿದೆ ಎಂದು ವಿಚಾರಿಸಿದಾಗ ಮಾರುವವರು ಮಾತು ಬದಲಿಸಿದರು. ಕಾಡಂಚಿನ ಹಳ್ಳಿಗಳಲ್ಲಿ ಆನೆ. ಕತ್ತಲಾದ ಮೇಲೆ ಬಸ್ ಸ್ಟಾಪಿನಿಂದ ಮಗಳು ನಡೆದು ಬರುವ ಹಾಗಿಲ್ಲದ ಕಡೆ ಮನೆ ಎಷ್ಟು ಅಗ್ಗವಾದರೂ ನಮಗೆ ಬೇಡವಾಗಿತ್ತು. ಇನ್ನೊಂದು ಮನೆ ಎಲ್ಲ ರೀತಿಯಲ್ಲೂ ಸರಿಯಿತ್ತು. ಆದರೆ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ, ಪೌತಿ ಖಾತೆ ಆಗಿಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಡ ಎಂದರು. 2005ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿದೆ. ಅವರ ಸಹಿ ಇಲ್ಲದೆ ಕೊಂಡರೆ ನಾಳೆ ಅವರು ಕೇಳುವುದು ನ್ಯಾಯವೇ. ನಾನೂ ಒಬ್ಬ ಹೆಣ್ಣುಮಗಳಾಗಿ ಆ ಮನೆ ಬೇಡ ಎಂದೆ.

ಆಗ ನಮಗೆ ದಾರಿ ತೋರಿಸಿದವರು ಆ ಊರಿನ ಒಬ್ಬ ಮಲಯಾಳಿ ಅಜ್ಜಿ. ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆ ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಬಹಳ ಇವೆ. ಅಲ್ಲಿ ಭೂಮಿ ದುಬಾರಿಯಾಗಿ, ಇಲ್ಲಿ ಕಡಿಮೆಗೆ ಸಿಗುತ್ತದೆಂದು ಬಂದು ರಬ್ಬರ್, ಮೆಣಸು ಬೆಳೆದವರು. ಅಜ್ಜಿ ತಮ್ಮ ಕನ್ನಡದಲ್ಲಿ ಹೇಳಿದರು: "ನಾವು ಬಂದಾಗ ನಮ್ಮವರು ಮೊದಲು ನೋಡಿದ್ದು ನೀರು, ಆಮೇಲೆ ಶಾಲೆ, ಆಮೇಲೆ ಪಕ್ಕದ ಮನೆ ಯಾರದು ಅಂತ. ಒಂದೇ ಮನೆಯವರು ಬರಲಿಲ್ಲ ಮಗಾ, ನಾಲ್ಕು ಮನೆಯವರು ಕೂಡಿ ಬಂದರು. ಕಷ್ಟಕ್ಕೆ ಒಬ್ಬರಿಗೊಬ್ಬರು ಬೇಕಲ್ಲ." ಊರು ಗೊತ್ತಿಲ್ಲದೆ, ಭಾಷೆ ಗೊತ್ತಿಲ್ಲದೆ ಬಂದು ನೆಲೆ ಕಂಡುಕೊಂಡವರ ಮಾತದು. ನಾನು ಅದನ್ನು ಗಂಭೀರವಾಗಿ ತೆಗೆದುಕೊಂಡೆ.

ಅವರ ಬೀದಿಯಲ್ಲೇ, ಪಟ್ಟಣ ಪಂಚಾಯಿತಿಯ ವ್ಯಾಪ್ತಿಯೊಳಗೆ, ಒಂದು ಹಳೆಯ ಹಂಚಿನ ಮನೆ ಮಾರಾಟಕ್ಕಿತ್ತು. ಚಿಕ್ಕದು, ಹಂಚು ಕೈಯಾಡಿಸಬೇಕು, ತೊಲೆಗೆ ಗೆದ್ದಲು. ಆದರೆ ಸಮತಟ್ಟು ನೆಲ, ಹಿಂದೆ ಧರೆ ಇಲ್ಲ, ಮಾರುವವರ ಮನೆಯ ಅಷ್ಟೂ ಮಂದಿ ಸಹಿ ಹಾಕಲು ಬರುತ್ತೇವೆಂದರು. ಮೂಲ ಪತ್ರದಿಂದ ಇಲ್ಲಿಯವರೆಗಿನ ಕಾಗದಗಳು, 30 ವರ್ಷದ ಋಣಭಾರ ಪತ್ರ, ಇ-ಖಾತೆ ಎಲ್ಲವನ್ನೂ ನೋಡಿದೆವು. ಕರಾರಿಗೆ ಮೊದಲೇ ಅಳತೆ ಮಾಡಿಸಿದೆವು. ಮಳೆಗಾಲದ ನಡುವೆ ಹೋಗಿ ನೆಲಕ್ಕೆ ಕೈಯಿಟ್ಟು ನೋಡಿದೆವು. 2024ರಲ್ಲಿ 20 ಲಕ್ಷಕ್ಕೆ ಕ್ರಯಪತ್ರವಾಯಿತು. ಮುದ್ರಾಂಕ, ಸೆಸ್, ನೋಂದಣಿ ಶುಲ್ಕ ಸೇರಿ ಆಗ ನೂರಕ್ಕೆ 6.6, ಅಂದರೆ 1,32,000 ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಈಗ ಅದೇ ಮನೆಗೆ 20 ಸಾವಿರ ಹೆಚ್ಚು ಬೇಕು. ಮನೆ ಕೊಳ್ಳುವವರು ಬೆಲೆಯ ಜೊತೆಗೆ ಇದನ್ನೂ ಮೊದಲೇ ತೆಗೆದಿಡಬೇಕು, ಬ್ಯಾಂಕು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ.

ಅತ್ತೆ ಈ ಮನೆಯಲ್ಲಿ ಒಂದು ಮಳೆಗಾಲ ಕಂಡರು. ಕಿಗ್ಗಾದ ನೆನಪು ಅವರನ್ನು ಬಿಡಲಿಲ್ಲ. ನಮ್ಮವರಿಗೆ ಕೆಲಸಕ್ಕೆ ಓಡಾಟ ಹೆಚ್ಚಾಗಿದೆ. ಮಗಳ ಎರಡು ವರ್ಷದ ಓದು ಬಾಡಿಗೆ ಮನೆಯ ಗಲಾಟೆಯಲ್ಲಿ ಕಳೆಯಿತು. ಕಳೆದದ್ದು ಕಳೆದೇ ಹೋಯಿತು. ಇಷ್ಟಾದರೂ ನಾನು ಇದನ್ನು ಬರೆಯುತ್ತಿರುವುದು, ಹಳದಿ ಎಲೆ, ಎಲೆಚುಕ್ಕಿ, ಆನೆ, ಆಸ್ಪತ್ರೆ ಎಂದು ಇನ್ನೂ ಎಷ್ಟೋ ಮನೆಗಳು ನಮ್ಮ ಹಾಗೇ ಗುಡ್ಡದಿಂದ ಇಳಿದು ಪಟ್ಟಣದ ಅಂಚಿಗೆ ಬರುತ್ತಿವೆ ಎಂಬ ಕಾರಣಕ್ಕೆ. ಅವರ ಕೈಯಲ್ಲೂ ತೋಟ ಮಾರಿದ ದುಡ್ಡೇ ಇರುತ್ತದೆ, ಅದು ಇನ್ನೊಮ್ಮೆ ಹುಟ್ಟುವುದಿಲ್ಲ.

ಅವರಿಗೆ ಹೇಳಬೇಕಾದದ್ದು ಇದು. ಕಾಗದ ಓದಿಸಿದರೆ ಸಾಲದು, ಕಾಗದದಲ್ಲಿರುವ ನೆಲ ನಿಮ್ಮ ಕಾಲ ಕೆಳಗಿನ ನೆಲವೇ ಎಂದು ಅಳೆಸಿ ನೋಡಿ. ಅಕ್ಕಪಕ್ಕದ ಸರ್ವೆ ನಂಬರಿನ ಪಹಣಿಯನ್ನೂ ತೆಗೆಸಿ. ದೊಡ್ಡ ಜಮೀನಿನ ತುಂಡಾದರೆ 11ಇ ನಕ್ಷೆ ಕೇಳಿ. ನಮೂನೆ 9 ಇಲ್ಲದೆ ಬರೀ 11ಬಿ ಕೊಟ್ಟರೆ ಏಕೆ ಎಂದು ಕೇಳಿ. ಮುಂಗಡವನ್ನು ನಗದಿನಲ್ಲಿ ಕೊಡಬೇಡಿ. ಮನೆಯನ್ನು ಮಳೆಯಲ್ಲಿ ನೋಡಿ.

ಸರ್ಕಾರಕ್ಕೆ ಹೇಳಬೇಕಾದದ್ದೂ ಇದೆ. ಸೆಕ್ಷನ್ 4ರ ಅಧಿಸೂಚನೆಗಳನ್ನು ಅತ್ತ ಇತ್ತ ಯಾವುದಾದರೂ ಒಂದು ತೀರ್ಮಾನಕ್ಕೆ ತನ್ನಿ. ಕಂದಾಯ, ಅರಣ್ಯ ಎರಡೂ ಇಲಾಖೆ ಕೂತು ಜಂಟಿ ಸರ್ವೆ ಮುಗಿಸಿ, ಯಾವುದು ಕಾಡು, ಯಾವುದು ಊರು ಎಂದು ಕಲ್ಲು ನೆಡಿ. ಕಾಡು ಉಳಿಯಬೇಕು, ಅದರ ನೀರು ಕುಡಿದು ಬೆಳೆದವರು ನಾವು. ಆದರೆ ಗಡಿ ಗೊತ್ತಿಲ್ಲದ ಕಾಡಿನಿಂದ ಲಾಭವಾಗುವುದು ಗೊತ್ತಿದ್ದೂ ಮಾರುವವರಿಗೆ ಮಾತ್ರ. ಈ ಮೂರೂ ಪಟ್ಟಣಗಳಲ್ಲಿ ದಾಖಲೆ ಶುದ್ಧವಿರುವ ಸಣ್ಣ ನಿವೇಶನಗಳನ್ನು ಮಧ್ಯಮ ವರ್ಗದ, ಕೂಲಿ ಮಾಡುವ ಕುಟುಂಬಗಳಿಗೆ ಕೈಗೆಟುಕುವ ಬೆಲೆಗೆ ಕೊಟ್ಟರೆ, ಯಾರೂ ಧರೆ ಕಡಿದು, ಒರತೆ ಮುಚ್ಚಿ, ಕಾನಿಗೆ ಕೈಹಾಕಿ ಮನೆ ಕಟ್ಟಬೇಕಾಗಿಲ್ಲ. ಬಡವರು ಅಕ್ರಮದ ಕಡೆ ಹೋಗುವುದು ಆಸೆಯಿಂದಲ್ಲ, ಸಕ್ರಮವಾದದ್ದು ಅವರ ಕೈಗೆ ಎಟುಕದೆ ಇರುವುದರಿಂದ. ಅದನ್ನು ಎಟುಕುವ ಹಾಗೆ ಮಾಡುವುದು ಸರ್ಕಾರದಿಂದ ಆಗುವ ಕೆಲಸ, ಅದನ್ನು ಬೇಗ ಮಾಡಬೇಕು.